ಬಾಡಿದ ಮಾಲೆ, ತುಂಬಿದ ಬೊಗಸೆ

ಕೂಡಿದ್ದೆಲ್ಲವೂ ಒಂದು ದಿನ ಅಗಲುತ್ತದೆ. ಕೊಂಬೆಗೂ ಎಲೆಗೂ ಇರುವ ನಂಟಿಗೆ ಒಂದು ಅವಧಿ, ತಾಯಿಗೂ ಮಗುವಿಗೂ ಇರುವ ನಂಟಿಗೆ ಇನ್ನೊಂದು ಅವಧಿ. ಅವಧಿಯಿಲ್ಲದ ನಂಟು ಸಂಸಾರದಲ್ಲಿ ಇಲ್ಲ. ಶ್ರಾವಕರು ಮತ್ತೆ ಮತ್ತೆ ಭಾವಿಸಬೇಕಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ, ಎರಡನೆಯದು ಅಶರಣ. ಯಾವುದೂ ಉಳಿಯುವುದಿಲ್ಲ ಎಂಬುದು ಒಂದು ಅರಿವು. ಹೋಗುವುದನ್ನು ತಡೆದು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ ಎಂಬುದು ಇನ್ನೊಂದು ಅರಿವು.

ಬಸದಿಯ ಪ್ರವಚನದಲ್ಲಿ ಕುಳಿತಾಗ ಈ ಮಾತಿಗೆ ನಾವೆಲ್ಲ ತಲೆದೂಗುತ್ತೇವೆ. ಆದರೆ ನಮ್ಮದೇ ಮನೆಯ ಜಗಲಿಯಲ್ಲಿ ಒಬ್ಬರು ಕೂರುತ್ತಿದ್ದ ಜಾಗ ಬರಿದಾದ ದಿನ, ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೂತಕದ ಮನೆಗೆ ಬಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ: ‘ಅಳಬೇಡಿ, ಇದೆಲ್ಲ ಮೋಹ, ಮೋಹವೇ ಬಂಧನ.’ ಕೇಳಿದ ಜೀವಕ್ಕೆ ದುಃಖದ ಜೊತೆಗೆ ಇನ್ನೊಂದು ಭಾರ ಸೇರುತ್ತದೆ. ಗಂಡನನ್ನು, ಮಗನನ್ನು, ತಂದೆಯನ್ನು ಪ್ರೀತಿಸಿದ್ದೇ ತಪ್ಪಾಯಿತೇ ಎಂಬ ಅಳುಕು ಹುಟ್ಟುತ್ತದೆ. ಜಿನಧರ್ಮ ನಿಜವಾಗಿಯೂ ಹಾಗೆ ಹೇಳುತ್ತದೆಯೇ? ಪ್ರೀತಿಸಿ ಕಳೆದುಕೊಂಡವರಿಗೆ ಅದು ಕೊಡುವ ಉತ್ತರ ಬರಿಯ ‘ಅಳಬೇಡ’ ಎಂಬುದಷ್ಟೇ ಆಗಿದೆಯೇ? ಇಂದು ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ಶಾಸ್ತ್ರ ಅಳುವವರನ್ನು ಗದರಿಸುವುದಿಲ್ಲ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರ ನಾಲ್ಕು ಬಗೆಯ ಆರ್ತಧ್ಯಾನಗಳನ್ನು ಹೇಳುತ್ತದೆ. ಬೇಡವಾದದ್ದು ಬಂದು ಸೇರಿದಾಗ ಆಗುವ ಸಂಕಟ, ಬೇಕಾದದ್ದು ಅಗಲಿದಾಗ ಆಗುವ ಸಂಕಟ, ದೇಹದ ನೋವಿನಿಂದ ಹುಟ್ಟುವ ಸಂಕಟ, ಮುಂದೆ ಸಿಗಬೇಕಾದ ಭೋಗಕ್ಕಾಗಿ ಹಾತೊರೆಯುವ ಸಂಕಟ. ಇವುಗಳಲ್ಲಿ ಎರಡನೆಯದೇ ಇಷ್ಟವಿಯೋಗ. ಆ ಸಂಕಟವನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತಾ ಕುಳಿತರೆ ಕರ್ಮದ ಬಂಧ ಗಟ್ಟಿಯಾಗುತ್ತದೆ ಎಂಬುದು ಶಾಸ್ತ್ರದ ಎಚ್ಚರಿಕೆ. ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಅದೇ ಗ್ರಂಥದ ಮುಂದಿನ ಸೂತ್ರವನ್ನೂ ಓದಬೇಕು. ಇಂತಹ ಆರ್ತಧ್ಯಾನ ಯಾರಲ್ಲಿ ಉಂಟಾಗಬಹುದು ಎಂಬುದಕ್ಕೆ ಆಚಾರ್ಯರು ಅಲ್ಲಿ ಉತ್ತರ ಕೊಟ್ಟಿದ್ದಾರೆ. ವ್ರತವಿಲ್ಲದವರಲ್ಲಿ ಆಗಬಹುದು, ಅಣುವ್ರತಗಳನ್ನು ಪಾಲಿಸುವ ಶ್ರಾವಕರಲ್ಲಿ ಆಗಬಹುದು, ಆರನೆಯ ಗುಣಸ್ಥಾನದಲ್ಲಿರುವ ಪ್ರಮತ್ತಸಂಯತರಲ್ಲಿಯೂ ಆಗಬಹುದು. ಪ್ರಮತ್ತಸಂಯತರೆಂದರೆ ಮಹಾವ್ರತ ಹಿಡಿದ ಮುನಿಗಳು. ಮನೆ, ಮಠ, ವಸ್ತ್ರ ಎಲ್ಲವನ್ನೂ ತೊರೆದ ಮುನಿಯ ಮನಸ್ಸನ್ನೂ ಅಗಲಿಕೆಯ ನೋವು ತಟ್ಟಬಹುದೆಂದು ಶಾಸ್ತ್ರವೇ ಒಪ್ಪಿಕೊಂಡಿರುವಾಗ, ನಲವತ್ತು ವರ್ಷ ಜೊತೆಗೆ ಬಾಳಿದವನನ್ನು ಕಳೆದುಕೊಂಡ ಗೃಹಿಣಿಗೆ ಕಣ್ಣೀರನ್ನು ನಿಷೇಧಿಸಲು ನಾವು ಯಾರು?

ಶ್ವೇತಾಂಬರ ಪರಂಪರೆ ಹೇಳುವ ಒಂದು ಪ್ರಸಂಗ ಇಲ್ಲಿ ನೆನೆಯುವಂಥದ್ದು. ಪಾವಾಪುರಿಯಲ್ಲಿ ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ಸಮಯದಲ್ಲಿ ಅವರ ಹಿರಿಯ ಗಣಧರ ಇಂದ್ರಭೂತಿ ಗೌತಮರು ಹತ್ತಿರದಲ್ಲಿರಲಿಲ್ಲ. ಒಬ್ಬನಿಗೆ ಧರ್ಮಬೋಧೆ ಮಾಡಲು ಬೇರೊಂದು ಊರಿಗೆ ಹೋಗಿದ್ದರು. ಹಿಂದಿರುಗುವಾಗ ಸುದ್ದಿ ತಿಳಿಯಿತು. ಅಷ್ಟು ದೊಡ್ಡ ಜ್ಞಾನಿ ಮಗುವಿನಂತೆ ಅತ್ತರು. ಅಳುತ್ತಿರುವಾಗಲೇ, ತಾನು ಹಿಡಿದುಕೊಂಡಿರುವುದು ಏನನ್ನು ಎಂಬ ವಿಚಾರ ಅವರಲ್ಲಿ ಮೂಡಿತು. ವಿಚಾರ ಆಳಕ್ಕಿಳಿಯಿತು, ಕೊನೆಯ ರಾಗದ ಎಳೆ ಕಡಿಯಿತು, ಕೇವಲಜ್ಞಾನ ಉದಯಿಸಿತು. ಭಗವಂತರ ನಿರ್ವಾಣ ಮತ್ತು ಗೌತಮರ ಕೇವಲಜ್ಞಾನ ಒಂದೇ ದಿನ ನಡೆದವೆಂಬುದನ್ನು ನಮ್ಮ ದಿಗಂಬರ ಪರಂಪರೆಯೂ ಹೇಳುತ್ತದೆ. ದೀಪಾವಳಿಯ ದೀಪಗಳಲ್ಲಿ ಒಂದು ಅಗಲಿಕೆಯೂ ಒಂದು ಅರಿವೂ ಒಟ್ಟಿಗೆ ಬೆಳಗುತ್ತವೆ.

ಕೊಡ ಹೋಯಿತು, ಚಿನ್ನ ಉಳಿಯಿತು

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಒಂದು ಸುಂದರವಾದ ದೃಷ್ಟಾಂತ ಕೊಟ್ಟಿದ್ದಾರೆ. ಚಿನ್ನದ ಕೊಡವೊಂದನ್ನು ಅಕ್ಕಸಾಲಿಗ ಕರಗಿಸಿ ಕಿರೀಟ ಮಾಡುತ್ತಾನೆ. ಕೊಡವನ್ನು ಬಯಸಿದವನು ಅದು ಹೋಯಿತೆಂದು ದುಃಖಿಸುತ್ತಾನೆ. ಕಿರೀಟವನ್ನು ಬಯಸಿದವನು ಅದು ಬಂದಿತೆಂದು ಹಿಗ್ಗುತ್ತಾನೆ. ಚಿನ್ನವನ್ನು ಬಯಸಿದವನು ದುಃಖವೂ ಇಲ್ಲದೆ ಹಿಗ್ಗೂ ಇಲ್ಲದೆ ಸಮಭಾವದಲ್ಲಿರುತ್ತಾನೆ. ನಡೆದ ಘಟನೆ ಒಂದೇ. ನೋಡಿದ ಕಣ್ಣುಗಳು ಮೂರು.

ಪ್ರತಿಯೊಂದು ವಸ್ತುವೂ ಹುಟ್ಟುತ್ತಾ, ಅಳಿಯುತ್ತಾ, ಉಳಿಯುತ್ತಾ ಇರುತ್ತದೆ. ರೂಪ ಬದಲಾಗುತ್ತದೆ, ಅದು ಪರ್ಯಾಯ. ಮೂಲ ಉಳಿಯುತ್ತದೆ, ಅದು ದ್ರವ್ಯ. ನಾವು ‘ಅಪ್ಪ’ ಎಂದು ಕರೆದದ್ದು ಒಂದು ಪರ್ಯಾಯವನ್ನು. ಆ ಜೀವದ್ರವ್ಯ ನಮಗಿಂತ ಮೊದಲೂ ಇತ್ತು, ನಮ್ಮ ಕಣ್ಣಿಗೆ ಮರೆಯಾದ ಮೇಲೂ ಇದೆ.

ತತ್ತ್ವ ಸರಿ. ಆದರೂ ಮನಸ್ಸು ಕೇಳುತ್ತದೆ: ಜೀವ ಉಳಿಯಿತು, ಒಪ್ಪಿದೆ, ನಾನು ಇಟ್ಟ ಪ್ರೀತಿ ಏನಾಯಿತು? ಅದೂ ಕೊಡದಂತೆ ಕರಗಿ ಹೋಯಿತೇ, ಚಿನ್ನದಂತೆ ಉಳಿಯಿತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ತರ್ಕಗ್ರಂಥದಿಂದ ಪುರಾಣಕ್ಕೆ ಬರಬೇಕು. ಅದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬನವಾಸಿಯ ಮೇಲಿನ ಹಂಬಲವನ್ನು ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನ ಬಾಯಲ್ಲಿ ಹೇಳಿಸಿದ ಪಂಪ, ಶಿರಸಿ ಸೀಮೆಯ ನಮಗೆಲ್ಲ ಮನೆಯ ಕವಿ. ಆತ 941ರಲ್ಲಿ ರಚಿಸಿದ ಆದಿಪುರಾಣದಲ್ಲಿ, ಒಂದು ಪ್ರೀತಿ ಜನ್ಮಜನ್ಮಾಂತರಗಳಲ್ಲಿ ಏನಾಯಿತೆಂಬುದರ ಪೂರ್ಣ ಕಥನವಿದೆ.

ಹೆಸರಿಲ್ಲದ ಹುಡುಗಿಯ ಪಯಣ

ಆ ಕಥೆಯಲ್ಲಿ ಒಬ್ಬ ಬಡ ಹುಡುಗಿ ಬರುತ್ತಾಳೆ. ಹೆತ್ತವರು ಅವಳಿಗೊಂದು ಹೆಸರನ್ನೂ ಇಡಲಿಲ್ಲವೆಂಬಂತೆ ಜನ ಅವಳನ್ನು ನಿರ್ನಾಮಿಕೆ ಎಂದೇ ಕರೆದರು. ಬೆಟ್ಟದಲ್ಲಿ ಪಿಹಿತಾಸ್ರವ ಮುನಿಗಳನ್ನು ಕಂಡು ಅವಳು ವ್ರತಗಳನ್ನು ಪಡೆದಳು. ಅದರ ಫಲವಾಗಿ ದೇವಲೋಕದಲ್ಲಿ ಸ್ವಯಂಪ್ರಭೆಯಾಗಿ ಹುಟ್ಟಿ ಲಲಿತಾಂಗದೇವನ ಒಲವಿನ ಮಡದಿಯಾದಳು.

ದೇವಲೋಕದ ಸುಖಕ್ಕೂ ಕೊನೆಯಿದೆ. ಆಯುಷ್ಯ ಮುಗಿಯಲು ಆರು ತಿಂಗಳಿರುವಾಗ ಲಲಿತಾಂಗನ ಕೊರಳ ಮಾಲೆ ಬಾಡಿತು. ಬಾಡದ ಹೂಗಳ ಮಾಲೆ ಬಾಡುವುದನ್ನು ಕಂಡು ದೇವನೂ ಕಂಗೆಟ್ಟ. ಜೊತೆಯ ದೇವತೆಗಳು ಸಮಾಧಾನ ಹೇಳಿದರು. ಆತ ಜಿನಪೂಜೆಯಲ್ಲಿ ಮನಸ್ಸಿಟ್ಟು ಕೊನೆಯ ದಿನಗಳನ್ನು ಕಳೆದು ಅಲ್ಲಿಂದ ಜಾರಿದ. ಹಿಂದುಳಿದ ಸ್ವಯಂಪ್ರಭೆ ವಿರಹದಲ್ಲಿ ಬೆಂದಳು; ತಾನೂ ಪೂಜೆಯಲ್ಲಿ ತೊಡಗಿ ತನ್ನ ಅವಧಿಯನ್ನು ಮುಗಿಸಿದಳು.

ಮುಂದಿನ ಜನ್ಮದಲ್ಲಿ ಆತ ವಜ್ರಜಂಘ, ಈಕೆ ಶ್ರೀಮತಿ. ಆಕಾಶದಲ್ಲಿ ಸಾಗುತ್ತಿದ್ದ ದೇವತೆಗಳನ್ನು ಕಂಡ ಗಳಿಗೆಯಲ್ಲಿ ಶ್ರೀಮತಿಗೆ ಹಿಂದಿನ ಭವದ ನೆನಪು ಮರಳಿತು, ಮೂರ್ಛೆ ಹೋದಳು. ಎಚ್ಚೆತ್ತ ಮೇಲೆ ತನ್ನ ನೆನಪನ್ನು ಚಿತ್ರಪಟವಾಗಿ ಬರೆದಳು. ದಾದಿ ಪಂಡಿತೆ ಆ ಪಟವನ್ನು ಜಿನಾಲಯಕ್ಕೆ ಒಯ್ದಳು. ಬಂದವರೆಲ್ಲ ನೋಡಿದರು, ಗುರುತಿಸಿದವನು ವಜ್ರಜಂಘನೊಬ್ಬನೇ. ಇಬ್ಬರಿಗೂ ಮದುವೆಯಾಯಿತು.

ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ಈ ಕಥೆಯನ್ನು ಮಕ್ಕಳಿಗೆ ಹೇಳುವುದಿತ್ತು. ಮದುವೆಯ ಭಾಗ ಬಂದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಅಗಲಿದವರು ಮತ್ತೆ ಸೇರಿದರಲ್ಲ, ಕತೆ ಇಲ್ಲಿಗೆ ಮುಗಿಯಬೇಕಿತ್ತು. ಇನ್ನೂ ಯಾಕೆ ಇಷ್ಟು ಉಳಿದಿದೆ?’ ಬಹಳ ಒಳ್ಳೆಯ ಪ್ರಶ್ನೆ. ಲೋಕದ ಪ್ರೇಮಕಥೆಗಳು ಮುಗಿಯುವಲ್ಲಿ ಆದಿಪುರಾಣದ ಪ್ರೇಮಕಥೆ ಅರ್ಧ ದಾರಿಗೂ ಬಂದಿರುವುದಿಲ್ಲ.

ಮದುವೆಯ ನಂತರ ಒಮ್ಮೆ ಪ್ರಯಾಣದ ನಡುವೆ ಕಾಡಿನ ಬೀಡಿನಲ್ಲಿ ಈ ದಂಪತಿಗಳು ಚಾರಣ ಮುನಿಗಳಿಬ್ಬರಿಗೆ ಆಹಾರದಾನ ಮಾಡಿದರು. ಆ ಮುನಿಗಳು ಇವರದೇ ಮಕ್ಕಳು, ತಪಸ್ಸಿಗೆ ಹೊರಟುಹೋದವರು. ಆ ದಾನವನ್ನು ಒಂದು ಹುಲಿ, ಒಂದು ಹಂದಿ, ಒಂದು ಕೋತಿ, ಒಂದು ಮುಂಗುಸಿ ದೂರದಲ್ಲಿ ನಿಂತು ಶಾಂತವಾಗಿ ನೋಡಿ ಸಂತೋಷಪಟ್ಟವು. ಕೊಡಲು ಕೈಯಿಲ್ಲದ ಆ ಮೃಗಗಳಿಗೂ ಕೇವಲ ಅನುಮೋದನೆಯಿಂದ ಪುಣ್ಯ ಲಭಿಸಿತೆಂದು ಪುರಾಣ ಹೇಳುತ್ತದೆ. ಮುಂದೆ ಅವೇ ಜೀವಗಳು ಆದಿನಾಥರ ಮಕ್ಕಳಾಗಿ ಹುಟ್ಟಿದವು.

ಇದಾದ ಮೇಲೆ ಒಂದು ರಾತ್ರಿ ವಜ್ರಜಂಘ, ಶ್ರೀಮತಿ ಮಲಗಿದ್ದ ಕೋಣೆಯಲ್ಲಿ ಧೂಪದ ಹೊಗೆ ತುಂಬಿತು. ಕಿಟಕಿ ತೆರೆಯಲು ಸೇವಕರು ಮರೆತಿದ್ದರು. ಸುಖಕ್ಕೆಂದು ಹಾಕಿದ ಧೂಪವೇ ಉಸಿರು ಕಟ್ಟಿಸಿತು. ಒಬ್ಬರನ್ನೊಬ್ಬರು ಅಪ್ಪಿಕೊಂಡಂತೆಯೇ ಇಬ್ಬರೂ ತೀರಿಕೊಂಡರು. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಕರುಣವಾದ ಸಾವು ವಿರಳ. ಪ್ರೀತಿ ಎಷ್ಟೇ ನಿಜವಾಗಿರಲಿ, ಅದು ನಾಲ್ಕು ಗೋಡೆಗಳ ಒಳಗೆ ಮುಚ್ಚಿಕೊಂಡು ಉಳಿದರೆ ಗಾಳಿಯಾಡುವುದಿಲ್ಲ ಎಂಬುದನ್ನು ಆ ಮುಚ್ಚಿದ ಕಿಟಕಿ ಹೇಳುತ್ತದೆಯೆಂದು ನನಗೆ ತೋರುತ್ತದೆ.

ಕಿಟಕಿ ಮುಂದಿನ ಜನ್ಮಗಳಲ್ಲಿ ತೆರೆಯುತ್ತದೆ. ಭೋಗಭೂಮಿಯಲ್ಲಿ ಮತ್ತೆ ಸತಿಪತಿಗಳಾಗಿ ಹುಟ್ಟಿದ ಅವರಿಗೆ ಚಾರಣ ಮುನಿಗಳಿಂದ ಸಮ್ಯಕ್ತ್ವ ದೊರೆಯಿತು. ಅಲ್ಲಿಂದ ಮುಂದೆ ನಂಟಿನ ರೂಪ ಬದಲಾಗುತ್ತಾ ಹೋಯಿತು. ಶ್ರೀಮತಿಯ ಜೀವ ಒಂದು ಜನ್ಮದಲ್ಲಿ ಜೊತೆಯ ದೇವನಾಯಿತು. ಇನ್ನೊಂದರಲ್ಲಿ ಸುವಿಧಿ ಎಂಬ ಅರಸನ ಮಗ ಕೇಶವನಾಯಿತು. ಆ ಅರಸನೇ ಹಿಂದೆ ಅವಳ ಪತಿಯಾಗಿದ್ದವನು. ಮಡದಿ ಗೆಳೆಯನಾಗಿ, ಮಗನಾಗಿ, ಸಹಚರನಾಗಿ ಸಾಗಿದಂತೆ ‘ನನ್ನವನು’ ಎಂಬ ಹಿಡಿತ ಸಡಿಲಾಯಿತು. ಒಳಿತನ್ನು ಬಯಸುವ ಭಾವ ಗಟ್ಟಿಯಾಯಿತು. ಕೊಡಗಳು ಒಂದಾದ ಮೇಲೊಂದು ಕರಗಿದವು, ಚಿನ್ನ ಪುಟಗೊಳ್ಳುತ್ತಾ ಬಂತು.

ಕೊನೆಗೆ ಲಲಿತಾಂಗನ ಜೀವ ಆದಿ ತೀರ್ಥಂಕರ ಋಷಭದೇವರಾಗಿ ಹುಟ್ಟಿತು. ದೀಕ್ಷೆ ಪಡೆದ ಸ್ವಾಮಿಗಳು ಆರು ತಿಂಗಳು ಉಪವಾಸದಲ್ಲಿ ನಿಂತರು. ಆಮೇಲೆ ಆಹಾರಕ್ಕೆ ಹೊರಟರೆ ಕೊಡುವ ಕ್ರಮ ಯಾರಿಗೂ ಗೊತ್ತಿಲ್ಲ. ಜನ ಭಕ್ತಿಯಿಂದಲೇ ರತ್ನಗಳನ್ನು, ಆನೆ ಕುದುರೆಗಳನ್ನು ತಂದು ಮುಂದಿಟ್ಟರು. ಅಪರಿಗ್ರಹಿಗೆ ಅವುಗಳಿಂದ ಏನು? ತಿಂಗಳುಗಳು ಕಳೆದವು. ಹಸ್ತಿನಾಪುರಕ್ಕೆ ಬಂದಾಗ ಅಲ್ಲಿನ ರಾಜಕುಮಾರ ಶ್ರೇಯಾಂಸ ಅವರನ್ನು ಕಂಡ. ಕಂಡೊಡನೆ ಜಾತಿಸ್ಮರಣೆಯಾಯಿತು. ಶ್ರೀಮತಿಯಾಗಿ ತಾನು ಆ ಕಾಡಿನ ಬೀಡಿನಲ್ಲಿ ಮುನಿಗಳಿಗೆ ಆಹಾರ ಕೊಟ್ಟ ಕ್ರಮ ನೆನಪಾಯಿತು. ಏಕೆಂದರೆ ಶ್ರೇಯಾಂಸನೇ ಶ್ರೀಮತಿಯ ಜೀವ, ಒಂದು ಕಾಲದ ಹೆಸರಿಲ್ಲದ ಹುಡುಗಿಯ ಜೀವ. ಆತ ಸ್ವಾಮಿಗಳ ಬೊಗಸೆಗೆ ಕಬ್ಬಿನ ರಸ ಎರೆದ. ಆ ದಿನವನ್ನೇ ನಾವು ಅಕ್ಷಯ ತೃತೀಯವೆಂದು ಆಚರಿಸುತ್ತೇವೆ. ಇಂದು ಆ ದಿನ ಚಿನ್ನದಂಗಡಿಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಆದರೆ ‘ಅಕ್ಷಯ’ವೆಂಬ ಹೆಸರಿಗೆ ಕಾರಣವಾದದ್ದು ಕೊಂಡ ಚಿನ್ನವಲ್ಲ, ಕೊಟ್ಟ ರಸ.

ನಾವು ಕೇಳಿದ್ದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಪ್ರೀತಿ ನಾಶವಾಗಲಿಲ್ಲ. ಪ್ರಿಯನನ್ನು ಹಿಡಿದಿಟ್ಟುಕೊಳ್ಳಬೇಕೆಂಬ ಆಸೆಯಾಗಿ ಮೊದಲಾದದ್ದು, ಆತನ ಮೋಕ್ಷದ ದಾರಿಗೆ ಒಂದು ಬೊಗಸೆ ರಸವಾಗಿ ಒದಗಿತು. ಆ ಜನ್ಮದಲ್ಲಿ ಅವರಿಬ್ಬರೂ ಸತಿಪತಿಗಳಲ್ಲ. ಆದರೂ ಹಿಂದಿನ ಯಾವ ಜನ್ಮದ ಅಪ್ಪುಗೆಗಿಂತಲೂ ಆ ದಾನದಲ್ಲಿ ಹೆಚ್ಚು ಪ್ರೀತಿಯಿತ್ತು. ಪ್ರೀತಿ ಪಕ್ವವಾದರೆ ದಾನವಾಗುತ್ತದೆ.

ಉರಿಯುವ ಬದಲು ಬೆಳಗಿದ ಅತ್ತಿಮಬ್ಬೆ

ಇದು ಪುರಾಣವಾಯಿತು, ನಮ್ಮಂತಹ ಮನುಷ್ಯರಿಗೆ ಸಾಧ್ಯವೇ ಎಂದು ಕೇಳುವವರಿಗೆ ಕನ್ನಡ ನಾಡಿನ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. ಹತ್ತನೆಯ ಶತಮಾನದ ಕೊನೆಯ ಭಾಗ. ಚಾಲುಕ್ಯ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಮಲ್ಲಪನ ಇಬ್ಬರು ಹೆಣ್ಣುಮಕ್ಕಳು ಮಡದಿಯರು: ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ನಾಗದೇವ ಅಕಾಲದಲ್ಲಿ ತೀರಿಕೊಂಡ. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯೇರಿದಳು. ಅಕ್ಕ ಅತ್ತಿಮಬ್ಬೆ ಬದುಕಿ ಉಳಿದಳು; ಕೈಯಲ್ಲಿ ಮಗ ಅಣ್ಣಿಗನಿದ್ದ.

ಒಂದೇ ಮನೆ, ಒಂದೇ ತಾಯಿಯ ಮಕ್ಕಳು, ಒಂದೇ ಗಂಡ, ಒಂದೇ ಸಾವು. ಹಿಡಿದ ದಾರಿ ಎರಡು. ಗುಂಡಮಬ್ಬೆಯ ಸಂಕಟವನ್ನು ಸಾವಿರ ವರ್ಷಗಳ ಈಚೆಗೆ ಕುಳಿತು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಆ ದಾರಿಯನ್ನು ಜಿನಧರ್ಮ ಒಪ್ಪಿಲ್ಲವೆಂಬುದು ಸ್ಪಷ್ಟವಾಗಿರಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪುಣ್ಯ ಬರುವುದೆಂದು ಬೆಟ್ಟದಿಂದ ಬೀಳುವುದನ್ನೂ ಬೆಂಕಿಗೆ ಬೀಳುವುದನ್ನೂ ಲೋಕಮೂಢತೆಯೆಂದು ಹೆಸರಿಸಿದ್ದಾರೆ. ಅತ್ತಿಮಬ್ಬೆ ಆರಿಸಿಕೊಂಡದ್ದು ಶ್ರಾವಕಿಯ ದಾರಿಯನ್ನು. ವ್ರತ, ಉಪವಾಸ, ಮಗನ ಪಾಲನೆ, ಮತ್ತು ದಾನ.

ಆಕೆಯ ದಾನದಲ್ಲಿ ವಿವೇಕವಿತ್ತು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಅದು ರಾಷ್ಟ್ರಕೂಟರು ಅಳಿದು ಚಾಲುಕ್ಯರು ಎದ್ದ ಕಾಲ. 973ರ ಆಸುಪಾಸಿನ ಆ ರಾಜಕೀಯದ ಬಿರುಗಾಳಿಯಲ್ಲಿ ಅರಮನೆಗಳೇ ಉರುಳಿದಾಗ ಗ್ರಂಥಗಳನ್ನು ಕೇಳುವವರು ಯಾರು? ರಾಷ್ಟ್ರಕೂಟರ ಆಸ್ಥಾನಕವಿ ಪೊನ್ನನ ಶಾಂತಿಪುರಾಣ ಹುಟ್ಟಿದ್ದು ಆಕೆಯ ತಂದೆ ಮತ್ತು ಚಿಕ್ಕಪ್ಪನ ಆಶ್ರಯದಲ್ಲಿ. ಆ ಕಾವ್ಯದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅಚ್ಚಿನ ಯಂತ್ರವಿಲ್ಲದ ಕಾಲವದು. ತಾಳೆಗರಿಯನ್ನು ಹದಮಾಡಿ, ಕಂಟದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ, ದಾರ ಪೋಣಿಸಿ ಒಂದು ಪ್ರತಿ ಸಿದ್ಧವಾಗಬೇಕು. ಅಂತಹ ಸಾವಿರ. ಅದರೊಡನೆ ಚಿನ್ನ ಮತ್ತು ರತ್ನಗಳ ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. ಬಳೆಗಾರರ ಕುಲದಲ್ಲಿ ಹುಟ್ಟಿದ ಮುಧೋಳದ ರನ್ನನಿಗೆ ಆಶ್ರಯವಿತ್ತಳು. ಆತ 993ರಲ್ಲಿ ಅಜಿತಪುರಾಣವನ್ನು ರಚಿಸಿ ಆಕೆಯ ಗುಣಗಳನ್ನು ಕೊಂಡಾಡಿದ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ. ಅಲ್ಲಿನ 1007ರ ಶಾಸನ ಆಕೆಯ ಹಿರಿಮೆಯನ್ನು ಹಾಡುತ್ತದೆ. ಲೋಕ ಆಕೆಯನ್ನು ದಾನಚಿಂತಾಮಣಿ ಎಂದು ಕರೆಯಿತು.

ಒಬ್ಬಳು ವಿಧವೆ ತನ್ನ ದುಃಖದ ಕೋಣೆಯ ಕಿಟಕಿ ತೆರೆದಳು. ಕನ್ನಡ ಸಾಹಿತ್ಯಕ್ಕೆ ಉಸಿರು ಸಿಕ್ಕಿತು. ಇದು ಒಬ್ಬಳಿಗೇ ಮುಗಿದ ಪರಂಪರೆಯೂ ಅಲ್ಲ. ಮೂಡುಬಿದಿರೆಯಲ್ಲಿ ಉಳಿದು ಬಂದ ಸಿದ್ಧಾಂತ ಗ್ರಂಥಗಳ ಪೈಕಿ ಮಹಾಧವಲದ ತಾಳೆಗರಿ ಪ್ರತಿಯನ್ನು ಬರೆಯಿಸಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ ಎಂಬ ಶ್ರಾವಕಿ, ತನ್ನ ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ. ನಮ್ಮ ಜಿಲ್ಲೆಯ ಹಾಡುವಳ್ಳಿಯ ಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ ಕರ್ನಾಟಕ ಶಬ್ದಾನುಶಾಸನವೆಂಬ ವ್ಯಾಕರಣವನ್ನು ಬರೆಯುವಾಗ ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸಲು ಸಾಧ್ಯವಾದದ್ದು, ಅಷ್ಟು ಶತಮಾನಗಳ ಕಾಲ ಯಾರೋ ಆ ಕಾವ್ಯಗಳನ್ನು ಬರೆಯಿಸಿ ಕಾಪಾಡಿದ್ದರಿಂದ. ಶಾಸ್ತ್ರದಾನವೆಂದರೆ ಕಣ್ಣಿಗೆ ಕಾಣದ ಮಕ್ಕಳ ಮೇಲಿನ ಪ್ರೀತಿ.

ಪಲ್ಲಕ್ಕಿಗೆ ಮೊದಲ ಹೆಗಲು ಯಾರದು?

ಇಷ್ಟೆಲ್ಲ ಸಾಧ್ಯವಾಗುವುದು ಯಾವ ಶಕ್ತಿಯಿಂದ? ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಬೋಧಿದುರ್ಲಭವೆಂಬುದೂ ಒಂದು. ನಾಲ್ಕು ಗತಿಗಳಲ್ಲಿ ಅಲೆಯುವ ಜೀವಕ್ಕೆ ಮನುಷ್ಯ ಜನ್ಮ ದೊರೆಯುವುದು ಕಷ್ಟ. ದೊರೆತ ಮೇಲೆ ಅರಿವು ಮೂಡುವುದು ಇನ್ನೂ ಕಷ್ಟ. ದೇವಗತಿಯಲ್ಲಿ ಸುಖ ಹೆಚ್ಚು, ಆದರೆ ವ್ರತ ಹಿಡಿಯುವ ಅವಕಾಶವಿಲ್ಲ. ಸರ್ವಾರ್ಥಸಿದ್ಧಿಯ ಅಹಮಿಂದ್ರನೂ ಮೋಕ್ಷಕ್ಕಾಗಿ ಮನುಷ್ಯನಾಗಿಯೇ ಹುಟ್ಟಿ ಬರಬೇಕು. ಲಲಿತಾಂಗದೇವನಿಗೆ ಬಾಡದ ಮಾಲೆಯಿತ್ತು. ಮುನಿಯ ಬೊಗಸೆಗೆ ಆಹಾರವೆರೆಯುವ ಭಾಗ್ಯವಿರಲಿಲ್ಲ. ಅದು ಮನುಷ್ಯನಾದ ವಜ್ರಜಂಘನಿಗೆ ಒದಗಿತು.

ಆದಿನಾಥರು ದೀಕ್ಷೆಗೆ ಹೊರಟಾಗ ಅವರ ಪಲ್ಲಕ್ಕಿಯನ್ನು ಮೊದಲ ಏಳು ಹೆಜ್ಜೆ ಹೊತ್ತವರು ಭೂಮಿಯ ಅರಸರು. ನಂತರದ ಏಳು ಹೆಜ್ಜೆ ವಿದ್ಯಾಧರರು. ದೇವತೆಗಳ ಸರದಿ ಬಂದದ್ದು ಆಮೇಲೆ. ಮನುಷ್ಯನ ಹೆಗಲಿಗೆ ಮೊದಲ ಮನ್ನಣೆ ಸಂದದ್ದು ಆತ ಬಲಶಾಲಿಯೆಂದಲ್ಲ. ಬಿಡಬಲ್ಲವನು ಅವನೊಬ್ಬನೇ ಎಂಬ ಕಾರಣದಿಂದ. ಕಳೆದುಕೊಳ್ಳುವುದು ಎಲ್ಲ ಜೀವಿಗಳ ಪಾಡು. ಕಳೆದುಕೊಂಡದ್ದನ್ನು ಕೊಟ್ಟದ್ದಾಗಿ ಮಾರ್ಪಡಿಸುವುದು ಮನುಷ್ಯನಿಗೆ ಮಾತ್ರ ಒದಗಿದ ಸಾಮರ್ಥ್ಯ.

ಸಂಕದ ಬಳಿಯ ಕೊಡೆ

ಇಂತಹ ದಾನಕ್ಕೆ ಅರಮನೆ ಬೇಕಿಲ್ಲ, ಐಶ್ವರ್ಯವೂ ಬೇಕಿಲ್ಲ. ಮತ್ತಿಘಟ್ಟದ ಸುತ್ತಮುತ್ತ ಮನೆಗಳು ಒಂದಕ್ಕೊಂದು ದೂರ. ನಡುವೆ ಅಡಿಕೆ ತೋಟ, ಬೆಟ್ಟ, ಹಳ್ಳ. ಮಳೆಗಾಲದಲ್ಲಿ ಹಳ್ಳ ದಾಟಲು ಮರದ ಸಂಕವೇ ಗತಿ. ನಮ್ಮ ಕಡೆಯ ಒಬ್ಬ ಹಿರಿಯರು ಆಷಾಢದ ಜಡಿಮಳೆಯಲ್ಲಿ ಬೆಳಗ್ಗೆ ಮತ್ತು ಸಂಜೆ ಸಂಕದ ಬಳಿ ನಿಂತು ಶಾಲೆಯ ಮಕ್ಕಳನ್ನು ಕೈಹಿಡಿದು ದಾಟಿಸುತ್ತಿದ್ದರು. ಯಾರೂ ಹೇಳಿದ್ದಲ್ಲ, ಸಂಬಳವೂ ಇಲ್ಲ. ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿ ತಿಂಗಳುಗಟ್ಟಲೆ ಜಗಲಿ ಇಳಿಯಲಿಲ್ಲ. ಊಟಕ್ಕೆ ಕುಳಿತರೂ ಪಕ್ಕದ ಮಣೆ ನೋಡಿ ಎದ್ದುಬಿಡುತ್ತಿದ್ದರಂತೆ.

ಮಳೆಗಾಲ ಹಿಡಿಯಿತು. ಶಾಲೆ ತೆರೆದ ಎರಡನೆಯ ವಾರ ನಾನು ಆ ದಾರಿಯಲ್ಲಿ ಹೋಗುವಾಗ ಸಂಕದ ಬಳಿ ಅವರ ಹಳೆಯ ಕಪ್ಪು ಕೊಡೆ ಕಂಡಿತು. ಕೊಡೆಯ ಕೆಳಗೆ ಆ ತಾಯಿ ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೂರನೆಯ ತರಗತಿಯ ಒಬ್ಬ ಹುಡುಗನ ತೋಳು.

‘ಈ ಮಳೆಯಲ್ಲಿ ನೀವ್ಯಾಕೆ ಬಂದ್ರಿ ಅಮ್ಮ?’ ಎಂದೆ.

‘ಮನೇಲಿ ಕೂತ್ರೆ ಅವರು ಇಲ್ಲ ಅನ್ನೋದೊಂದೇ ಕಾಣ್ತದೆ ಮಾಸ್ತರೇ. ಇಲ್ಲಿ ನಿಂತ್ರೆ ಅವರ ಕೆಲಸ ಕಾಣ್ತದೆ,’ ಎಂದರು. ಅಳು ನಿಂತಿರಲಿಲ್ಲ, ಮಳೆನೀರಿನ ಜೊತೆ ಅದೂ ಇಳಿಯುತ್ತಿತ್ತು. ಹುಡುಗನ ತೋಳನ್ನು ಮಾತ್ರ ಬಿಡಲಿಲ್ಲ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾವು ನಾಲ್ಕು ದಾನಗಳನ್ನು ಹೇಳುತ್ತೇವೆ. ಆ ತಾಯಿ ಮಾಡುತ್ತಿದ್ದುದು ಅಭಯದಾನ. ಆ ಹೆಸರು ಅವರಿಗೆ ತಿಳಿದಿತ್ತೋ ಇಲ್ಲವೋ, ಅದರ ಅರ್ಥ ತಿಳಿದಿತ್ತು. ಇಷ್ಟವಿಯೋಗದ ಆರ್ತಧ್ಯಾನ ಧರ್ಮಧ್ಯಾನದ ಕಡೆಗೆ ತಿರುಗುವ ಗಳಿಗೆ ಎಂತಹುದೆಂದು ಗ್ರಂಥಗಳಲ್ಲಿ ಓದಿದ್ದೆ. ಆ ದಿನ ಹಳ್ಳದ ದಂಡೆಯಲ್ಲಿ ಕಂಡೆ.

ಉಳಿದವರ ಕರ್ತವ್ಯ

ಹಾಗಾದರೆ ಅಗಲಿಕೆಯ ಮನೆಯಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು? ಮೊದಲ ದಿನಗಳಲ್ಲಿ ಉಪದೇಶ ಬೇಡ. ಅಳುವವರ ಬಳಿ ಸುಮ್ಮನೆ ಕುಳಿತುಕೊಳ್ಳುವುದೂ ಒಂದು ವೈಯಾವೃತ್ಯವೇ. ಜೀವಿಗಳು ಒಂದಕ್ಕೊಂದು ಆಸರೆಯಾಗಿರಬೇಕೆಂಬುದು ನಮ್ಮ ಧರ್ಮದ ಮೂಲಪಾಠ. ಸೂತಕದ ಮನೆಗಿಂತ ಅದನ್ನು ಆಚರಿಸಲು ಬೇರೆ ಜಾಗವಿಲ್ಲ. ಅನಿತ್ಯದ ಮಾತನ್ನು ಅವರ ಮನಸ್ಸು ತಾನಾಗಿ ಕೇಳುವ ದಿನ ಬರುತ್ತದೆ, ಆಗ ಹೇಳಿದರಾಯಿತು.

ದಿನಗಳು ಕಳೆದ ಮೇಲೆ ಕೇಳಬೇಕಾದ ಪ್ರಶ್ನೆ ಒಂದಿದೆ: ಹೋದವರು ಏನನ್ನು ಪ್ರೀತಿಸುತ್ತಿದ್ದರು? ಅವರು ಓದನ್ನು ಪ್ರೀತಿಸುತ್ತಿದ್ದರೆ ಊರಿನ ಶಾಲೆಗೆ ನಾಲ್ಕು ಪುಸ್ತಕ ಹೋಗಲಿ. ಅತಿಥಿಗಳನ್ನು ಪ್ರೀತಿಸುತ್ತಿದ್ದರೆ ಹಸಿದವರೊಬ್ಬರಿಗೆ ಎಲೆ ಹಾಸಲಿ. ಕಾಯಿಲೆಯಲ್ಲಿ ನರಳಿ ಹೋಗಿದ್ದರೆ ಇನ್ನೊಬ್ಬ ರೋಗಿಯ ಔಷಧಿಗೆ ನೆರವು ಸಿಗಲಿ. ಪುಣ್ಯತಿಥಿಯ ದಿನ ಹಾರ ಹಾಕಿದ ಪಟದ ಮುಂದೆ ದೀಪ ಹಚ್ಚುವುದು ಒಳ್ಳೆಯದು. ಆ ಹಾರ ಸಂಜೆಗೆ ಬಾಡುತ್ತದೆ. ಅವರ ಹೆಸರಿನಲ್ಲಿ ಮಾಡಿದ ದಾನ ಬಾಡುವುದಿಲ್ಲ.

ಹೆಸರಿಲ್ಲದೆ ಹುಟ್ಟಿದ ಒಂದು ಜೀವ ದಾನದ ಮಾರ್ಗದಲ್ಲಿ ನಡೆದು, ದಾನತೀರ್ಥದ ಪ್ರವರ್ತಕನೆಂಬ ಹೆಸರು ಪಡೆಯಿತು. ನಮಗೆ ಆ ಎತ್ತರ ಇಂದೇ ಸಿಗದಿರಬಹುದು. ಆದರೆ ನಮ್ಮ ಕೈಗಳೂ ಅಗಲಿದವರನ್ನು ಹಿಡಿಯಲೆಂದೇ ಚಾಚಿಕೊಂಡಿರುವ ಕೈಗಳು. ಆ ಚಾಚಿದ ಕೈಗಳಿಂದಲೇ ಎದುರಿಗೆ ಬಂದ ಬೊಗಸೆಯನ್ನು ತುಂಬಬಹುದು. ಹಾಗೆ ತುಂಬಿದವರಿಗೆ ಅಗಲಿಕೆಯೂ ಒಂದು ತೀರ್ಥವಾಗುತ್ತದೆ.

ಜೈ ಜಿನೇಂದ್ರ.